ಜಲಪಾತ ನೋಡಿ, ನೀರಿನ ದಾರಿಯನ್ನೂ ನೋಡಿ

ಮಡಿಕೇರಿಗೆ ಹೋದವರು ಅಬ್ಬಿ ಜಲಪಾತದ ಎದುರು ನಿಂತು ಫೋಟೋ ತೆಗೆಸಿಕೊಂಡು, ಜೇನು, ಕಾಫಿಪುಡಿ ಕಟ್ಟಿಸಿಕೊಂಡು ವಾಪಸಾಗುತ್ತಾರೆ. ತಪ್ಪೇನಿಲ್ಲ. ಆದರೆ ಮಣ್ಣು, ನೀರು ನಂಬಿ ಬದುಕುವ ನಮಗೆ ಅಲ್ಲಿ ನೋಡಲು ಇನ್ನೂ ಕೆಲವು ಸಂಗತಿಗಳಿವೆ.

ನಾವು ಕೆ.ಆರ್. ಪುರದ ಆಚೆಗಿನ ರೈತರು. ಬಡಾವಣೆಗಳ ಮಧ್ಯೆ ಉಳಿದಿರುವ ಅರ್ಧ, ಒಂದು ಎಕರೆಯಲ್ಲಿ ಸೊಪ್ಪು, ಬೀನ್ಸು, ಮನೆಗೆ ಒಂದಿಷ್ಟು ರಾಗಿ. ಸೊಪ್ಪು ಬೆಳಗಿನ ಜಾವ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ನಮ್ಮ ಕಡೆ ಬೋರ್‌ವೆಲ್‌ಗಳು ಒಂದರ ಹಿಂದೊಂದು ಬತ್ತಿ, ಕುಡಿಯುವ ನೀರಿಗೂ ಟ್ಯಾಂಕರ್ ಕಾಯಬೇಕಾಯಿತು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ಈಗ ನಲ್ಲಿಯಲ್ಲಿ ಕಾವೇರಿ ಬರುತ್ತದೆ. 'ಈ ನೀರು ಹುಟ್ಟುವ ಜಾಗ ಒಂದ್ಸಲ ನೋಡ್ಕೊಂಡು ಬರೋಣ' ಎಂದು ಎಂಟು ಮಂದಿ ಟೆಂಪೋ ಮಾಡಿಕೊಂಡು ಹೊರಟೆವು. ಮಡಿಕೇರಿಯಲ್ಲಿ ಉಳಿದು, ದಿನಕ್ಕೊಂದರಂತೆ ಮೂರು ಜಲಪಾತ ನೋಡಿದೆವು.

ಕಾಫಿ ತೋಟದೊಳಗಿನ ಅಬ್ಬಿ

ಅಬ್ಬಿ ಮಡಿಕೇರಿಯಿಂದ ಏಳೆಂಟು ಕಿ.ಮೀ. ಕಾಫಿ ತೋಟದ ನಡುವೆ ಮೆಟ್ಟಿಲು ಇಳಿದು ಹೋಗಬೇಕು. ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಕಾಳುಮೆಣಸು, ಕೆಳಗೆ ಕಾಫಿ, ಅದರಡಿ ಒಂದು ಗೇಣು ತರಗೆಲೆ. ನೀರು ಬೀಳುವುದಕ್ಕಿಂತ ಹೆಚ್ಚು ಹೊತ್ತು ನಾವು ನೋಡಿದ್ದು ಈ ತರಗೆಲೆಯನ್ನೇ. ಹಿಂದಿನ ರಾತ್ರಿ ಜೋರು ಮಳೆ ಬಂದಿದ್ದರೂ ಇಳಿಜಾರಿನಲ್ಲಿ ಮಣ್ಣು ಕೊಚ್ಚಿದ ಗುರುತಿರಲಿಲ್ಲ. ನಮ್ಮಲ್ಲಿ ಅರ್ಧ ಗಂಟೆ ಮಳೆ ಸುರಿದರೆ ಚರಂಡಿಯಲ್ಲಿ ಕೆಂಪು ನೀರು.

ಮಡಿಕೇರಿಯಲ್ಲಿ ವರ್ಷದ ಮಳೆ 3 ಸಾವಿರ ಮಿ.ಮೀ. ದಾಟುತ್ತದೆ. ನಮ್ಮದು ಅದರ ಮೂರನೇ ಒಂದು ಪಾಲೂ ಇಲ್ಲ. ಆದರೆ ಸುರಿದದ್ದಷ್ಟೇ ಲೆಕ್ಕವಲ್ಲ, ಇಂಗಿದ್ದು ಎಷ್ಟು ಎನ್ನುವುದು ಮುಖ್ಯ. ಮಳೆ ನಿಂತ ಮೇಲೂ ತೊರೆ ಹರಿಯುವುದು ಇಂಗಿದ ನೀರಿನಿಂದ.

ದಾರಿಯಲ್ಲಿ ಸಿಕ್ಕ ಹಿರಿಯ ಬೆಳೆಗಾರರೊಬ್ಬರು ತಮ್ಮ ಕಷ್ಟ ಹೇಳಿದರು. 'ಮಾರ್ಚಿನಲ್ಲಿ ಹೂಮಳೆ ಬಂದ್ರೆ ಸರಿ. ತಪ್ಪಿದ್ರೆ ತೊರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕ್ಲೇಬೇಕು. ಹಾಕಿದ್ರೆ ಕೆಳಗೆ ನೀರು ಕಮ್ಮಿ. ಏನ್ ಮಾಡೋದು ಹೇಳಿ?' ಅವರ ಇನ್ನೊಂದು ದೂರು ಪ್ರವಾಸಿಗರ ಮೇಲೆ. ತೊರೆಗೆ ಎಸೆದ ಬಾಟಲಿ, ಚಿಪ್ಸ್ ಕವರು ಪಂಪಿನ ಫುಟ್‌ವಾಲ್ವಿಗೆ ಸಿಕ್ಕಿಕೊಳ್ಳುತ್ತದಂತೆ. ಮೆಣಸಿನ ಗೊನೆಯನ್ನು ತಮಾಷೆಗೆ ಕೀಳುವವರೂ ಇದ್ದಾರೆ.

2018ರ ಆಗಸ್ಟಿನ ಭೂಕುಸಿತದ ಮಾತೂ ಬಂತು. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಮನೆ, ತೋಟ ಹೋದವು. ಅತಿಯಾದ ಮಳೆಯಂತೂ ಹೌದು. 'ಇಳಿಜಾರು ಕಡಿದು ಮಟ್ಟ ಮಾಡಿದ್ರೆ ಗುಡ್ಡಕ್ಕೆ ಕಾಲೇ ಇರೋದಿಲ್ಲ' ಎಂದರು ಅವರು.

ಒಂದು ಜಿಲ್ಲೆ, ಎರಡು ಕಡಲು

ಎರಡನೇ ದಿನ ಸೋಮವಾರಪೇಟೆ ದಾಟಿ ಮಲ್ಲಳ್ಳಿಗೆ. ಕುಮಾರಧಾರಾ ನದಿ ಇಲ್ಲಿ 60 ಮೀಟರಿಗೂ ಎತ್ತರದಿಂದ ಬೀಳುತ್ತದೆ. ನೂರಾರು ಮೆಟ್ಟಿಲು, ಇಳಿಯುವುದು ಸುಲಭ, ಹತ್ತುವಾಗ ಮೊಣಕಾಲಿಗೆ ಗೊತ್ತಾಗುತ್ತದೆ. ಈ ನೀರು ಪಶ್ಚಿಮಕ್ಕೆ ಹರಿದು, ಸುಬ್ರಹ್ಮಣ್ಯದ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಅಬ್ಬಿಯ ನೀರು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ.

ಮೂರನೇ ದಿನ ದಕ್ಷಿಣ ಕೊಡಗಿನ ಇರ್ಪು. ಬ್ರಹ್ಮಗಿರಿಯ ಕಾಡಿನಿಂದ ಇಳಿಯುವ ಲಕ್ಷ್ಮಣತೀರ್ಥ ಇದು. ಕೆಳಗೆ ಭತ್ತದ ಗದ್ದೆಗಳನ್ನು ಹಾದು ಕೃಷ್ಣರಾಜಸಾಗರ ಸೇರುತ್ತದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮರ ಕಡಿಯಬಾರದು ಎನ್ನುವ ಹಿರಿಯರ ಕಟ್ಟಳೆಯಲ್ಲಿ ನೀರಿನ ಲೆಕ್ಕವೂ ಅಡಗಿದೆ ಅನಿಸಿತು.

ನಮ್ಮ ನಲ್ಲಿಯ ಮುಂದೆ

ಕಾವೇರಿ ನಮ್ಮೂರಿಗೆ ತಾನಾಗಿ ಬರುವುದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರದಿಂದ ಮೇಲೆತ್ತಬೇಕು. 1974ರಲ್ಲಿ ಮೊದಲ ಹಂತ ಬಂದಾಗಿನಿಂದ ಇದೇ ಕ್ರಮ. ಅಷ್ಟು ಕರೆಂಟು ಸುಟ್ಟು ಬಂದ ನೀರು ಪಾತ್ರೆ ತೊಳೆದು ಮೋರಿಗೆ ಇಳಿದ ಮೇಲೆ ಕಾವೇರಿಗೆ ಮರಳುವುದಿಲ್ಲ. ಹಲಸೂರು, ಇಂದಿರಾನಗರದ ಕಡೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯ ದಾರಿ ಹಿಡಿಯುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅದರಲ್ಲೊಂದು ಪಾಲನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹಾಯಿಸುತ್ತಿದ್ದಾರೆ.

ಅಂದರೆ ಕೊಡಗಿನ ತೋಟದಲ್ಲಿ ಇಂಗಿದ ಮಳೆ ನಮ್ಮ ಬಿಂದಿಗೆ ತುಂಬಿ, ಕೊನೆಗೆ ಕೋಲಾರದ ರೈತನ ಕೆರೆಗೂ ಹೋಗಬಹುದು. ಮೇಲಿನವರು ನೆರಳು ಕಡಿದರೂ, ನಡುವಿನ ನಾವು ಮೋರಿ ಕೆಡಿಸಿದರೂ ಕಷ್ಟ ಕೆಳಗಿನವರಿಗೆ. ಹಾಗೆಂದು ನೆರಳಿನ ಮರ ಉಳಿಸಿಕೊಂಡ ಬೆಳೆಗಾರನಿಗೆ, ಕುಡಿಯುವ ನಾವು ಏನೂ ಕೊಡುತ್ತಿಲ್ಲ. ಈ ಲೆಕ್ಕ ಯಾರೂ ಹಾಕಿದಂತಿಲ್ಲ, ರೈತರಾದರೂ ಹಾಕಬೇಕು.

ಹೋಗುವವರಿಗೆ

- ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟಿನಲ್ಲಿ ರಸ್ತೆ ಸ್ಥಿತಿ ಕೇಳಿಕೊಂಡೇ ಹೊರಡಿ.
- ನೀರಿಗೆ ಇಳಿಯಬೇಡಿ. ಚೇಲಾವರ ಜಲಪಾತದ ಗುಂಡಿಯಲ್ಲಿ ಈಜು ಬಲ್ಲವರೂ ಮುಳುಗಿದ್ದಾರೆ.
- ಇಂಬಳಕ್ಕೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.
- ಬುತ್ತಿ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಕಸ ವಾಪಸ್ ತನ್ನಿ.
- ಕಾಳುಮೆಣಸು, ಕಾಫಿ ಆದಷ್ಟು ಬೆಳೆಗಾರರಿಂದಲೇ ಕೊಳ್ಳಿ. ಕೊಳ್ಳುವಾಗ 'ನಿಮ್ಮ ತೊರೆ ಬೇಸಿಗೆಯಲ್ಲಿ ಎಲ್ಲಿವರೆಗೆ ಹರಿಯುತ್ತೆ?' ಎಂದು ಕೇಳಿ. ಪ್ರವಾಸಿಗರು ಯಾರೂ ಕೇಳದ ಪ್ರಶ್ನೆ ಅದು. ಮಾತು ಅಲ್ಲಿಂದಲೇ ಶುರುವಾಗುತ್ತದೆ.