ಗುಂಡಿ ಹಾಕೋದೂ ಒಂದು ಪಾಠ

ಹುಬ್ಬಳ್ಳಿಯ ಗೋಕುಲ ರಸ್ತೆಯ ಹೊಸ ಬಸ್ ನಿಲ್ದಾಣದಿಂದ ಒಬ್ಬನೇ ಬಸ್ ಹತ್ತಿ ಮನೆ ಸೇರೋದು. ನಮಗೆ ಇದು ದಿನದ ಮಾತು. ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗನಿಗೆ ಇದೇ ಒಂದು ವರ್ಷದ ಪಾಠ ಆಗಬಹುದು.

ಇಂಥ ಪಾಠ ಕಲಿಸೋ ವಿಶೇಷ ಶಾಲೆ ಅಂದ್ರೆ ಮಕ್ಕಳನ್ನು ಕೂಡಿಸಿ ಹೊತ್ತು ಕಳೆಯುವ ಜಾಗ ಅಲ್ಲರೀ. ಅಂಗಿಯ ಗುಂಡಿ ಹಾಕೋದನ್ನೇ ನೋಡ್ರಿ. ಶಿಕ್ಷಕಿ ಗುಂಡಿಯನ್ನು ಕಾಜಾದೊಳಗೆ ಅರ್ಧ ತೂರಿಸಿ ನಿಲ್ಲಿಸ್ತಾರೆ. ಆಚೆ ಎಳೆಯೋದಷ್ಟೇ ಮಗುವಿನ ಕೆಲಸ. ಅದು ಬಂದಮೇಲೆ ತೂರಿಸೋದು. ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸಿದರೆ, ಪ್ರತಿ ಸಲ ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗ್ತದೆ. ಎಷ್ಟು ತಾಳ್ಮೆಯ ಕೆಲಸ ಅದು! ದುಡ್ಡು ಎಣಿಸೋದು, ಬಸ್ಸಿನ ಬೋರ್ಡ್ ಗುರುತಿಸೋದು, ಎಲ್ಲವನ್ನೂ ಹೀಗೇ ಚೂರು ಚೂರು ಮಾಡಿ ಕಲಿಸ್ತಾರೆ.

ಹೀಗೆ ಕಲಿಯೋದು ಮಕ್ಕಳ ಹಕ್ಕೂ ಹೌದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳು ಸೇರಿವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆಯ್ಕೆಯೂ ಅವರದೇ.

ಮಗುವಿನ ಕಲಿಕೆ ನಿಧಾನ ಅನಿಸಿದರೆ "ದೊಡ್ಡವನಾದರೆ ಸರಿಹೋಗ್ತಾನೆ" ಅಂತ ಕಾಯಬ್ಯಾಡ್ರಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಪಕ್ಕದಲ್ಲೇ ಇದೆ. ಮಗುವನ್ನು ಕರ್ಕೊಂಡು ಹೋಗಿ ತೋರಿಸ್ರಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕ್ರಿ.