ಪಿಕಪ್ ಬೆನ್ನೇರಿದ ಮನೆ

ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಪಿಕಪ್ ವಾಹನದ ಬೆನ್ನ ಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿ, ನಾಯಿ ಚಾರ್ಲಿಯೊಡನೆ ದೇಶ ಸುತ್ತಲು ಹೊರಟರು. ಡಾನ್ ಕ್ವಿಕ್ಸೋಟನ ಕುದುರೆಯ ನೆನಪಿಗೆ ವಾಹನಕ್ಕೆ 'ರೋಸಿನಾಂಟೆ' ಎಂದು ಹೆಸರಿಟ್ಟರು. ಇಂಥ ಸಂಚಾರಿ ಮನೆಯನ್ನು ಅಲ್ಲಿನವರು 'ಟ್ರಕ್ ಕ್ಯಾಂಪರ್' ಎನ್ನುತ್ತಾರೆ.

ಹಿಮ ಬೀಳುವ ಸೀಮೆಗಳಲ್ಲಿ ಚಳಿಗಾಲವಿಡೀ ಇದಕ್ಕೆ ವಿಶ್ರಾಂತಿ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗಿ ಕೊಳವೆಯನ್ನೇ ಸೀಳಿಬಿಡುತ್ತದೆ. ಅದಕ್ಕೇ ನೀರನ್ನು ಬಸಿದು, ಸುಲಭಕ್ಕೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ತುಂಬಿಸಿಡುತ್ತಾರೆ. ವಸಂತದ ಮೊದಲ ಪ್ರಯಾಣಕ್ಕೆ ಮುನ್ನ ಆ ಬಣ್ಣ ಹೋಗುವವರೆಗೂ ಕೊಳವೆ ತೊಳೆದು, ತೊಟ್ಟಿಯನ್ನು ಕ್ಲೋರಿನ್ ಬೆರೆಸಿದ ನೀರಿನಿಂದ ಶುಚಿಗೊಳಿಸಬೇಕು. ಬಳಿಕ ಬ್ಯಾಟರಿ, ಟೈರಿನ ಗಾಳಿ, ಮನೆಯನ್ನು ಪಿಕಪ್‌ಗೆ ಬಿಗಿದ ಕೊಂಡಿಗಳ ಪರೀಕ್ಷೆ. ಗ್ಯಾಸ್ ಕೊಳವೆಯ ಕೀಲುಗಳಿಗೆ ಸೋಪಿನ ನೀರು ಸವರಿದಾಗ ಗುಳ್ಳೆ ಎದ್ದರೆ ಸೋರಿಕೆ ಇದೆಯೆಂದೇ ಅರ್ಥ.

ಕೊನೆಯ ಕೆಲಸವೇ ಜೀವ ಉಳಿಸುವಂಥದ್ದು. ಒಲೆ, ಹೀಟರ್‌ಗಳು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಪುಟ್ಟ ಕೋಣೆಯಲ್ಲಿ ಮಲಗಿದವರು ಮತ್ತೆ ಏಳದೇ ಹೋಗಬಹುದು. ಈ ಅನಿಲ ಕಂಡೊಡನೆ ಕೂಗುವ ಅಲಾರಂ ಸರಿಯಿದೆಯೇ ಎಂದು ಗುಂಡಿ ಒತ್ತಿ ನೋಡದೆ ಹೊರಡಬಾರದು.