ನೂತನ ಸಂಗ್ರಹಗಳೂ ವಿಗ್ರಹಗಳ ಪೂರ್ವವೃತ್ತಾಂತವೂ

ವಸ್ತುಸಂಗ್ರಹಾಲಯವೊಂದು ನೂತನವಾಗಿ ಪಡೆದ ಶಿಲ್ಪವನ್ನು ಪ್ರಕಟಿಸುವಾಗ ಅದರ ಕಾಲ, ಶೈಲಿ, ಪ್ರತಿಮಾಲಕ್ಷಣಗಳನ್ನು ವಿವರಿಸುವುದು ರೂಢಿ. ಅದು ಯಾವ ಗುಡಿಯಲ್ಲಿತ್ತು, ಯಾರ ಕೈಗಳನ್ನು ದಾಟಿ ಬಂದಿತು ಎಂಬ ಪೂರ್ವವೃತ್ತಾಂತವೂ ಇವುಗಳಷ್ಟೇ ಅಗತ್ಯವಾದ ಅಧ್ಯಯನವಿಷಯವೆಂದು ನಾವು ಭಾವಿಸುತ್ತೇವೆ. ಒಂದು ನಿದರ್ಶನದಿಂದ ಇದು ಸ್ಪಷ್ಟವಾಗುವುದು.

ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ರಾಷ್ಟ್ರೀಯ ಕಲಾಸಂಗ್ರಹಾಲಯವು 2008ರಲ್ಲಿ ಚೋಳರ ಕಾಲದ ನಟರಾಜನ ಕಂಚಿನ ಮೂರ್ತಿಯೊಂದನ್ನು ನ್ಯೂಯಾರ್ಕಿನ ಸುಭಾಷ್ ಕಪೂರ್ ಎಂಬ ವ್ಯಾಪಾರಿಯಿಂದ 50 ಲಕ್ಷ ಅಮೆರಿಕನ್ ಡಾಲರುಗಳಿಗೆ ಕೊಂಡಿತು. ಮೂರ್ತಿಯು ದಶಕಗಳ ಹಿಂದೆಯೇ ಭಾರತವನ್ನು ಬಿಟ್ಟಿತ್ತೆಂದು ಅವನು ಒದಗಿಸಿದ ಕಾಗದಪತ್ರಗಳು ಹೇಳುತ್ತಿದ್ದವು. ಈ ಹೇಳಿಕೆಗೆ ವಿಶೇಷ ಪ್ರಯೋಜನವುಂಟು. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೋ ಒಪ್ಪಂದವು 1970ರದು. ಖಾಸಗಿಯವರು ಪ್ರಾಚೀನವಸ್ತುಗಳನ್ನು ಹೊರದೇಶಕ್ಕೆ ಕಳುಹಿಸುವುದನ್ನು ನಿಷೇಧಿಸುವ ಭಾರತದ ಕಾಯಿದೆಯು 1972ರದು. ಬಹುಕಾಲದ ಹಿಂದೆಯೇ ಹೊರಟುಹೋದ ವಸ್ತುವೆಂದರೆ ಕೊಳ್ಳುವವರ ಸಂಶಯ ಕಡಮೆಯಾಗುವುದು.

ಆದರೆ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ಭಂಡಾರದಲ್ಲಿ ಇದೇ ಮೂರ್ತಿಯ ಛಾಯಾಚಿತ್ರವಿದ್ದಿತು. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಗ್ರಾಮದ ಬೃಹದೀಶ್ವರ ದೇವಾಲಯದಲ್ಲಿ ಅದನ್ನು 1994ರಲ್ಲಿ ತೆಗೆಯಲಾಗಿತ್ತು. ಕಾಗದಪತ್ರಗಳ ಮಾತು ಅಲ್ಲಿಗೆ ಬಿದ್ದುಹೋಯಿತು.

ಒಂದು ಛಾಯಾಚಿತ್ರ ಇಷ್ಟು ನಿರ್ಣಾಯಕವಾಗಲು ಕಾರಣವು ಎರಕದ ಕ್ರಮದಲ್ಲಿಯೇ ಇದೆ. ಮಧೂಚ್ಛಿಷ್ಟ ವಿಧಾನದಲ್ಲಿ ಶಿಲ್ಪಿಯು ಮೇಣದಿಂದ ಮೂರ್ತಿಯನ್ನು ರೂಪಿಸಿ, ಅದಕ್ಕೆ ಮಣ್ಣನ್ನು ಮೆತ್ತಿ, ಕಾಯಿಸಿ ಮೇಣವನ್ನು ಹೊರಹರಿಸಿ, ತೆರವಾದ ಎಡೆಯಲ್ಲಿ ಲೋಹವನ್ನು ಹೊಯ್ಯುವನು. ಅನಂತರ ಮಣ್ಣಿನ ಅಚ್ಚನ್ನು ಒಡೆಯುವನು. ಆದುದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಪ್ರಭಾವಳಿಯ ಜ್ವಾಲೆಗಳು, ಜಟೆಗಳ ಹರಹು, ಪೂಜೆಯಿಂದಾದ ಸವಕಳಿ, ಮುಕ್ಕಾದ ಅಂಚು ಇವೆಲ್ಲ ಕೂಡಿ ಅದನ್ನು ಬೇರೆಲ್ಲ ಮೂರ್ತಿಗಳಿಂದ ಪ್ರತ್ಯೇಕಿಸುತ್ತವೆ.

ಕಪೂರನು 2011ರಲ್ಲಿ ಜರ್ಮನಿಯಲ್ಲಿ ಬಂಧಿತನಾದನು. 2022ರಲ್ಲಿ ಕುಂಭಕೋಣದ ನ್ಯಾಯಾಲಯವು ಬೇರೊಂದು ವಿಗ್ರಹಚೌರ್ಯದ ಮೊಕದ್ದಮೆಯಲ್ಲಿ ಅವನಿಗೆ 10 ವರ್ಷಗಳ ಶಿಕ್ಷೆಯನ್ನು ವಿಧಿಸಿತು. ನಟರಾಜ ಮೂರ್ತಿಯನ್ನು 2014ರ ಸೆಪ್ಟೆಂಬರಿನಲ್ಲಿ ಅಂದಿನ ಆಸ್ಟ್ರೇಲಿಯದ ಪ್ರಧಾನಿ ಟೋನಿ ಅಬಟ್ಟರು ದೆಹಲಿಯಲ್ಲಿ ಭಾರತಕ್ಕೆ ಒಪ್ಪಿಸಿದರು. ಇನ್ನೂ 14 ಕೃತಿಗಳನ್ನು ಹಿಂದಿರುಗಿಸುವುದಾಗಿ ಅದೇ ಸಂಗ್ರಹಾಲಯವು 2021ರಲ್ಲಿ ಪ್ರಕಟಿಸಿತು.

ಇದರಿಂದ ನಮಗೆ ತಿಳಿಯಬೇಕಾದುದೇನು? ಕೊಳ್ಳುವ ಸಂಸ್ಥೆಯ ಎಚ್ಚರ ಒಂದು ಕಡೆಯಾದರೆ, ಮೂಲಸ್ಥಾನದಲ್ಲಿ ನಡೆಯಬೇಕಾದ ದಾಖಲೆಯ ಕಾರ್ಯ ಇನ್ನೊಂದು ಕಡೆ. ಚಿತ್ರವೂ ಅಳತೆಯೂ ಇಲ್ಲದ ಮೂರ್ತಿ ಕಳುವಾದರೆ, ಅದು ಇಂಥ ಊರಿನದೆಂದು ಸ್ಥಾಪಿಸುವುದು ಬಹು ಕಷ್ಟ. ಕ್ಷೇತ್ರಾಧ್ಯಯನಕ್ಕೆ ಹೋಗುವ ವಿದ್ಯಾರ್ಥಿಗಳು, ದೇವಾಲಯದವರ ಒಪ್ಪಿಗೆ ಪಡೆದು, ಪ್ರತಿಯೊಂದು ಮೂರ್ತಿಯ ಮುಂಭಾಗ, ಹಿಂಭಾಗ, ಪೀಠದ ಬರೆಹ, ಎತ್ತರ ಮತ್ತು ಊನಗಳನ್ನು ತಪ್ಪದೆ ದಾಖಲಿಸಿ ತಮ್ಮ ವಿಭಾಗದಲ್ಲಿ ಇರಿಸಲಿ. ಅಲ್ಪವೆಂದು ತೋರುವ ಈ ಕಾರ್ಯದ ಬೆಲೆ ಮೂರ್ತಿ ಕಾಣೆಯಾದ ದಿನ ತಿಳಿಯುವುದು.